ಅಲ್ಪಬೆಲೆಯ ಫೋನಿನಿಂದ ಹೊಲದ ಪಟವನ್ನು ತೆಗೆಯುವ ಕ್ರಮ

ರೋಗ ಹತ್ತಿದ ಗಿಡವನ್ನು ಬೇರುಸಹಿತ ಕಿತ್ತು, ಒದ್ದೆಯ ಗೋಣಿಯಲ್ಲಿ ಸುತ್ತಿ, ಇಲಾಖೆಯವರ ಪರೀಕ್ಷೆಗೆ ತಂದೊಪ್ಪಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದಷ್ಟೆ. ಈಗ ಗಿಡಕ್ಕೆ ಮುಂಚಿತವಾಗಿಯೇ ಅದರ ಪಟವು ಫೋನಿನ ಮೂಲಕ ಬಂದುಬಿಡುತ್ತದೆ. ಇದರಿಂದ ಕಾಲವೂ ಹಣವೂ ಉಳಿಯುವುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರುವ ಪಟಗಳಲ್ಲಿ ಅನೇಕವು ಮಸಕಾಗಿಯೂ, ಬಿಸಿಲಿಗೆ ಬೆಳ್ಳಗಾಗಿಯೂ, ಯಾವ ಊರಿನ ಯಾವ ಹೊಲದವೆಂದು ತಿಳಿಯಲಾರದಂತೆಯೂ ಇರುತ್ತವೆ. ಅಂಥ ಪಟವನ್ನು ನೋಡಿ ಔಷಧವನ್ನು ಹೇಳುವುದು, ರೋಗಿಯ ನಾಡಿಯನ್ನು ಹಿಡಿಯದೆ ಮಾತ್ರೆಯನ್ನು ಕೊಟ್ಟಂತೆಯೇ ಸರಿ.

ಇದಕ್ಕೆ ಫೋನು ಅಗ್ಗದ್ದಾಗಿರುವುದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ಅದು ಪೂರ್ಣವಾಗಿ ನಿಜವಲ್ಲ. ಕಡಮೆ ಬೆಲೆಯ ಫೋನಿನಲ್ಲಿಯೂ ತಕ್ಕ ಆ್ಯಪನ್ನು ಇಟ್ಟುಕೊಂಡು, ತಕ್ಕ ಕ್ರಮವನ್ನು ಅನುಸರಿಸಿದರೆ, ಹೊಲದ ಕೆಲಸಕ್ಕೆ ಸಾಕಾಗುವಂಥ ಪಟವು ದೊರೆಯುತ್ತದೆ. ಕಮಲಾಪುರದ ಕಡೆ ಹೊಲತೋಟಗಳಿದ್ದು ಕಲಬುರಗಿ ನಗರದಲ್ಲಿ ವಾಸವಾಗಿರುವ ಹಿಡುವಳಿದಾರರಿಗೂ, ಊರಿನಲ್ಲಿಯೇ ಇದ್ದು ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹಿರಿಯರಿಗೂ ಈ ಕ್ರಮವು ತಿಳಿದಿರುವುದು ಅವಶ್ಯಕವೆಂದು ಈ ಲೇಖನವನ್ನು ಬರೆಯಲಾಗಿದೆ.

೧. ಪಟದಿಂದ ಆಗುವ ಪ್ರಯೋಜನ

ಹೊಲದ ಪಟವು ಮುಖ್ಯವಾಗಿ ಮೂರು ಕೆಲಸಗಳಿಗೆ ಬೇಕಾಗುತ್ತದೆ.

ಮೊದಲನೆಯದು ಬೆಳೆ ಸಮೀಕ್ಷೆ. ೨೦೨೦ನೆಯ ಇಸವಿಯ ಮುಂಗಾರಿನಿಂದ ನಮ್ಮ ರಾಜ್ಯದ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ಸರ್ಕಾರದ ಆ್ಯಪಿನಲ್ಲಿ ಪಟಸಹಿತವಾಗಿ ದಾಖಲು ಮಾಡಲು ಅವಕಾಶವಾಯಿತು. ಪಹಣಿಯ ಬೆಳೆಯ ಕಾಲಮು, ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ಇವೆಲ್ಲಕ್ಕೂ ಈ ದಾಖಲೆಯೇ ಆಧಾರ. ಹೊಲದಲ್ಲಿ ತೊಗರಿಯಿದ್ದು ದಾಖಲೆಯಲ್ಲಿ ಬೇರೊಂದು ಬೆಳೆಯಿದ್ದರೆ, ಖರೀದಿ ಕೇಂದ್ರದ ಬಾಗಿಲಿನಲ್ಲಿ ತೊಂದರೆಪಡಬೇಕಾಗುವುದು.

ಎರಡನೆಯದು ಬೆಳೆ ವಿಮೆ. ೨೦೧೬ರ ಮುಂಗಾರಿನಿಂದ ನಡೆದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಆಲಿಕಲ್ಲು ಮೊದಲಾದ ಸ್ಥಳೀಯ ವಿಪತ್ತಿನಿಂದ ನಷ್ಟವಾದರೆ ೭೨ ತಾಸುಗಳೊಳಗಾಗಿ ತಿಳಿಸತಕ್ಕದ್ದು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಯು ಅಕಾಲ ಮಳೆಗೆ ಸಿಕ್ಕಿ ಕೆಟ್ಟರೆ, ಕೊಯ್ಲಿನ ನಂತರದ ೧೪ ದಿವಸಗಳವರೆಗೆ ರಕ್ಷಣೆಯುಂಟು. ಅದಕ್ಕೂ ೭೨ ತಾಸುಗಳ ನಿಯಮವೇ. ಮೂರನೆಯ ದಿವಸ ಕಳೆಯುವುದರೊಳಗೆ ನೀರು ಇಂಗಿಹೋಗಬಹುದು, ಆಲಿಕಲ್ಲು ಕರಗಿಹೋಗಿರುತ್ತದೆ. ಆ ದಿವಸ ತೆಗೆದ ಪಟ ಮಾತ್ರ ಉಳಿದಿರುತ್ತದೆ.

ಮೂರನೆಯದು ರೋಗ ಮತ್ತು ಕೀಟಗಳ ಗುರುತು. ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ತೊಗರಿಗೆ ನೆಟೆ ರೋಗ ಬಂದರೆ ಅದನ್ನು ಆಲಿಕಲ್ಲಿನಂತೆ ಒಂದೊಂದೇ ಹೊಲದ ನಷ್ಟವಾಗಿ ವಿಮೆಯವರು ಎಣಿಸುವುದಿಲ್ಲ. ಬೆಳೆ ಕಟಾವು ಪ್ರಯೋಗದಿಂದ ತಿಳಿದುಬರುವ ಆ ಭಾಗದ ಸರಾಸರಿ ಇಳುವರಿಯ ಮೇಲೆ ಅದರ ತೀರ್ಮಾನವಾಗುತ್ತದೆ. ಆದುದರಿಂದ ರೋಗದ ಪಟವನ್ನು ಹಣಕ್ಕಾಗಿ ಅಲ್ಲ, ಉಳಿದ ಗಿಡಗಳನ್ನೂ ಮುಂದಿನ ವರ್ಷದ ಬೆಳೆಯನ್ನೂ ಉಳಿಸಿಕೊಳ್ಳುವುದಕ್ಕಾಗಿ ತೆಗೆಯತಕ್ಕದ್ದು.

೨. ಅಗ್ಗದ ಫೋನಿನ ಶಕ್ತಿಯೂ ಕೊರತೆಯೂ

ಫೋನನ್ನು ಮಾರುವವರು ಮೆಗಾಪಿಕ್ಸೆಲ್ ಎಂಬ ಲೆಕ್ಕವನ್ನು ದೊಡ್ಡದಾಗಿ ಹೇಳುತ್ತಾರೆ. ಅಂಚೆ ಕಾರ್ಡಿನಷ್ಟು ದೊಡ್ಡ ಪಟವನ್ನು ಚೆನ್ನಾಗಿ ಅಚ್ಚುಹಾಕಲು ಸುಮಾರು ೨ ಮೆಗಾಪಿಕ್ಸೆಲ್ ಸಾಕು. ಬಹಳ ಅಗ್ಗದ ಫೋನಿನಲ್ಲಿಯೂ ೮ ಮೆಗಾಪಿಕ್ಸೆಲ್ ಇರುವುದು ಸಾಮಾನ್ಯ. ಆದ್ದರಿಂದ ಕೊರತೆಯು ಆ ಲೆಕ್ಕದಲ್ಲಿಲ್ಲ, ಬೆಳಕಿನಲ್ಲಿದೆ. ಇಂಥ ಫೋನಿನೊಳಗೆ ಬೆಳಕನ್ನು ಹಿಡಿಯುವ ಬಿಲ್ಲೆಯು ಬಹಳ ಚಿಕ್ಕದು. ಬೆಳಕು ಕಡಮೆಯಾದಾಗ ಅದು ಕಣ್ಣನ್ನು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅಷ್ಟರೊಳಗೆ ಕೈ ಅಲುಗಿದರೂ, ಗಾಳಿಗೆ ಎಲೆ ಆಡಿದರೂ ಪಟವು ಮಸಕಾಗುತ್ತದೆ.

ಫೋನಿನ ಹಿಂಬದಿಯಲ್ಲಿ ಎರಡು ಮೂರು ಕಣ್ಣುಗಳಿದ್ದ ಮಾತ್ರಕ್ಕೆ ಮೋಸಹೋಗಬಾರದು. ಅವುಗಳಲ್ಲಿ ಸಮೀಪದ ಪಟಕ್ಕೆಂದು ಹೇಳುವ ಕಣ್ಣು ಅನೇಕ ವೇಳೆ ೨ ಮೆಗಾಪಿಕ್ಸೆಲ್‌ನದು ಮಾತ್ರವಾಗಿದ್ದು, ಮುಖ್ಯವಾದ ಕಣ್ಣಿನಿಂದ ತೆಗೆದ ಪಟವೇ ಅದಕ್ಕಿಂತ ಸ್ಪಷ್ಟವಾಗಿರುತ್ತದೆ. ಬೆರಳುಗಳಿಂದ ತೆರೆಯನ್ನು ಹಿಗ್ಗಿಸಿ ದೂರದ್ದನ್ನು ಹತ್ತಿರ ಮಾಡುವುದೂ ವ್ಯರ್ಥ. ಅದರಿಂದ ಹೊಸ ವಿವರವೇನೂ ಸಿಕ್ಕುವುದಿಲ್ಲ. ಇದ್ದ ಪಟದ ಅಂಚುಗಳು ಕತ್ತರಿಸಿಹೋಗುತ್ತವೆ, ಅಷ್ಟೆ. ಕಾಲಿನಿಂದ ನಡೆದು ಗಿಡದ ಹತ್ತಿರಕ್ಕೆ ಹೋಗುವುದೇ ಉತ್ತಮವಾದ ಉಪಾಯ.

೩. ಹಗುರವಾದ ಆ್ಯಪುಗಳು

ಅಗ್ಗದ ಫೋನಿನಲ್ಲಿ ನೆನಪಿನ ಸ್ಥಳವೂ ಕಡಮೆ, ವೇಗವೂ ಕಡಮೆ. ಭಾರವಾದ ಆ್ಯಪನ್ನು ತುಂಬಿದರೆ, ಪಟ ತೆಗೆಯಬೇಕಾದ ಸಮಯದಲ್ಲಿ ಫೋನು ನಿಂತುಬಿಡುತ್ತದೆ. ಆದುದರಿಂದ ಹಗುರವಾದುದನ್ನೇ ಆರಿಸಿಕೊಳ್ಳಬೇಕು.

(ಅ) ಕ್ಯಾಮರಾ ಗೋ. ಗೂಗಲ್ ಸಂಸ್ಥೆಯವರು ೨೦೧೭ರಲ್ಲಿ ೧ ಜಿ.ಬಿ. ಅಥವಾ ಅದಕ್ಕಿಂತ ಕಡಮೆ ರ‍್ಯಾಮ್ ಇರುವ ಫೋನುಗಳಿಗಾಗಿ ಆಂಡ್ರಾಯ್ಡ್ ಗೋ ಎಂಬ ಹಗುರ ವ್ಯವಸ್ಥೆಯನ್ನೂ, ೨೦೨೦ರ ಮಾರ್ಚ್ ತಿಂಗಳಲ್ಲಿ ಅದಕ್ಕೆ ಹೊಂದುವ ಈ ಕ್ಯಾಮರಾವನ್ನೂ ಪ್ರಕಟಿಸಿದರು. ಫೋನಿನಲ್ಲಿ ಇನ್ನೆಷ್ಟು ಪಟಗಳಿಗೆ ಸ್ಥಳವಿದೆಯೆಂಬುದನ್ನು ಇದು ತೋರಿಸುತ್ತದೆ. ಮಂದ ಬೆಳಕಿನಲ್ಲಿ ತೆಗೆಯುವ ಅನುಕೂಲವನ್ನು ಅದೇ ವರ್ಷ ಸೇರಿಸಲಾಯಿತು. ಇದು ಎಲ್ಲ ಫೋನುಗಳಿಗೂ ದೊರೆಯುವಂಥದಲ್ಲ. ಫೋನಿನಲ್ಲಿ ಮೊದಲೇ ಇದ್ದರೆ ಇದನ್ನೇ ಬಳಸಬಹುದು.

(ಆ) ಓಪನ್ ಕ್ಯಾಮರಾ. ಇದನ್ನು ಮಾರ್ಕ್ ಹಾರ್ಮನ್ ಎಂಬವರು ೨೦೧೩ರಲ್ಲಿ ಹೊರತಂದರು. ಇದಕ್ಕೆ ಹಣ ಕೊಡಬೇಕಾಗಿಲ್ಲ, ಒಳಗೆ ಜಾಹೀರಾತುಗಳ ಕಾಟವೂ ಇಲ್ಲ. ಇದರ ರಚನೆಯನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು. ಹೊಲದ ಕೆಲಸಕ್ಕೆ ಇದರಲ್ಲಿ ಮೂರು ಗುಣಗಳು ಬಹು ಉಪಯುಕ್ತ. ಬೆಳಕನ್ನು ಕೈಯಿಂದಲೇ ಹೆಚ್ಚು ಕಡಮೆ ಮಾಡಬಹುದು. ತಾರೀಖು, ಸಮಯ, ಅಕ್ಷಾಂಶ ರೇಖಾಂಶಗಳನ್ನು ಪಟದ ಮೇಲೆಯೇ ಅಚ್ಚೊತ್ತಬಹುದು. ಸ್ಥಳವು ಗೊತ್ತಾಗುವವರೆಗೆ ಪಟವನ್ನೇ ತೆಗೆಯದಂತೆ ಕಟ್ಟುಮಾಡಬಹುದು. ಆದರೆ ಸ್ಥಳದ ದಾಖಲೆಯು ತಾನಾಗಿ ನಡೆಯದು. ಸೆಟ್ಟಿಂಗ್ಸಿನಲ್ಲಿ ಒಂದು ಸಲ ಅದನ್ನು ತೆರೆದಿಡಬೇಕು.

(ಇ) ಸ್ಥಳಮುದ್ರೆಯ ಇತರ ಆ್ಯಪುಗಳು. ನಕ್ಷೆಯನ್ನೂ ಊರಿನ ಹೆಸರನ್ನೂ ಪಟದ ಮೇಲೆ ತೋರಿಸುವ ಆ್ಯಪುಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಜಾಹೀರಾತುಗಳಿಂದ ತುಂಬಿರುತ್ತವೆ. ಪಟ ತೆಗೆಯುವ ಆ್ಯಪಿಗೆ ಕ್ಯಾಮರಾ, ಸ್ಥಳ, ಸಂಗ್ರಹ ಇವು ಮೂರರ ಅಪ್ಪಣೆ ಸಾಕು. ನಿಮ್ಮ ಸಂದೇಶಗಳನ್ನೂ ಫೋನ್ ನಂಬರುಗಳನ್ನೂ ನೋಡಲು ಅಪ್ಪಣೆ ಬೇಡುವ ಆ್ಯಪನ್ನು ಆ ಕ್ಷಣವೇ ತೆಗೆದುಹಾಕಬೇಕು. ವಾಟ್ಸಾಪಿನಲ್ಲಿ ಬಂದ ಎಪಿಕೆ ಕಡತವನ್ನು, ಅದರ ಮೇಲೆ ಸರ್ಕಾರದ ಯೋಜನೆಯ ಹೆಸರೇ ಇರಲಿ, ಎಂದಿಗೂ ತೆರೆಯಬಾರದು. ಬ್ಯಾಂಕಿನ ಹಣವನ್ನು ಅಪಹರಿಸುವವರ ದಾರಿಗಳಲ್ಲಿ ಅದೂ ಒಂದು.

(ಈ) ಮುಖವನ್ನು ಚೆಲುವಾಗಿಸುವ ಆ್ಯಪುಗಳು. ಇವು ಮದುವೆ ಮುಂಜಿಗಳಿಗೆ ಇರಲಿ, ಹೊಲಕ್ಕೆ ಬೇಡ. ಇವು ಚರ್ಮದ ಕಲೆಯನ್ನು ಅಳಿಸುವಂತೆಯೇ ಎಲೆಯ ಚುಕ್ಕೆಯನ್ನೂ ಅಳಿಸಿ, ಹಳದಿಯಾದ ಎಲೆಗೆ ಇಲ್ಲದ ಹಸುರನ್ನು ತುಂಬುತ್ತವೆ.

ಬೆಳೆ ಸಮೀಕ್ಷೆಯ ಪಟವನ್ನು ಮಾತ್ರ ಹೊಲದಲ್ಲಿ ನಿಂತು, ಸಮೀಕ್ಷೆಯ ಆ್ಯಪಿನ ಮೂಲಕವೇ ತೆಗೆಯತಕ್ಕದ್ದು. ಮೇಲೆ ಹೇಳಿದ ಆ್ಯಪುಗಳು ನಿಮ್ಮ ಸ್ವಂತ ದಾಖಲೆಗೂ ರೋಗದ ಗುರುತಿಗೂ ಉಪಯೋಗವಾಗುತ್ತವೆ. ಸಮೀಕ್ಷೆಯಲ್ಲಿ ಏನು ದಾಖಲಾಗಿದೆಯೆಂದು ಬೆಳೆ ದರ್ಶಕ್ ಎಂಬ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆಯನ್ನು ಸಲ್ಲಿಸಬಹುದು. ಆಗ ನಿಮ್ಮಲ್ಲಿರುವ ತಾರೀಖುಸಹಿತವಾದ ಪಟವು ನಿಮ್ಮ ಮಾತಿಗೆ ಬಲವನ್ನು ಕೊಡುವುದು.

೪. ಹೊಲದಲ್ಲಿ ಅನುಸರಿಸತಕ್ಕ ನಿಯಮಗಳು

(೧) ಮೊದಲು ಫೋನಿನ ಕಣ್ಣನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರಸಬೇಕು. ಎಣ್ಣೆಯ ಬೆರಳಿನ ಗುರುತು, ಎರೆಯ ಧೂಳು ಇವೆರಡರಿಂದಲೇ ಬಹಳ ಪಟಗಳು ಕೆಡುತ್ತವೆ.

(೨) ಬೆಳಗಿನ ಹೊತ್ತು ಅಥವಾ ಬಿಸಿಲು ಇಳಿದ ಮೇಲೆ, ಸೂರ್ಯನು ನಿಮ್ಮ ಬೆನ್ನಿಗಿರುವಂತೆ ನಿಂತು ತೆಗೆಯಬೇಕು. ನಡುಹಗಲಿನಲ್ಲಿಯೇ ತೆಗೆಯಬೇಕಾದರೆ, ಜೊತೆಯವರು ಕೊಡೆಯನ್ನೋ ಟವಲನ್ನೋ ಅಡ್ಡ ಹಿಡಿದು ರೋಗದ ಭಾಗಕ್ಕೆ ನೆರಳು ಮಾಡಲಿ.

(೩) ನಮ್ಮ ಕಡೆಯ ಎರೆಭೂಮಿಯಲ್ಲಿ ಒಂದು ವಿಶೇಷವುಂಟು. ಕಪ್ಪು ನೆಲವು ಪಟವನ್ನು ತುಂಬಿದಾಗ ಫೋನು ಅದನ್ನು ಕತ್ತಲೆಯೆಂದು ಬಗೆದು ಬೆಳಕನ್ನು ಹೆಚ್ಚಿಸುತ್ತದೆ. ಎಲೆಗಳು ಸುಣ್ಣ ಬಳಿದಂತೆ ಬೆಳ್ಳಗಾಗುತ್ತವೆ. ಆಗ ತೆರೆಯಲ್ಲಿ ಎಲೆಯ ಮೇಲೆ ಬೆರಳಿಟ್ಟು, ಬೆಳಕನ್ನು ಒಂದು ಮೆಟ್ಟಿಲು ಕಡಮೆ ಮಾಡಬೇಕು.

(೪) ಕಣ್ಣನ್ನು ಗಿಡಕ್ಕೆ ಅರ್ಧ ಗೇಣಿಗಿಂತ ಸಮೀಪಕ್ಕೆ ಒಯ್ಯಬಾರದು. ತೆರೆಯ ಮೇಲೆ ಬೆರಳಿಟ್ಟರೂ ಪಟವು ತಿಳಿಯಾಗದ ಫೋನುಗಳೂ ಕೆಲವುಂಟು. ಅವುಗಳಿಂದ ಒಂದು ಮೊಳದ ದೂರದಿಂದ ತೆಗೆಯಬೇಕು.

(೫) ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರನ್ನು ಕ್ಷಣಕಾಲ ಹಿಡಿದು ಒತ್ತಬೇಕು. ಗಾಳಿಯಿದ್ದರೆ ಎಲೆಯನ್ನು ಇನ್ನೊಬ್ಬರು ಹಿಡಿದುಕೊಳ್ಳಲಿ. ಒಂದರ ಬದಲು ಮೂರು ಪಟಗಳನ್ನು ತೆಗೆದು ಚೆನ್ನಾದುದನ್ನು ಇಟ್ಟುಕೊಳ್ಳಬೇಕು.

(೬) ಅಳತೆ ತಿಳಿಯುವಂತೆ ಕಾಯಿ ಅಥವಾ ಹುಳುವಿನ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವನ್ನೋ ನಾಣ್ಯವನ್ನೋ ಇಡಬೇಕು.

(೭) ಒಂದೇ ಪಟದಿಂದ ತೃಪ್ತರಾಗದೆ, ಯಾವಾಗಲೂ ನಾಲ್ಕು ಪಟಗಳನ್ನು ತೆಗೆಯಬೇಕು: ಇಡೀ ಹೊಲದ್ದೊಂದು, ಇಡೀ ಗಿಡದ್ದೊಂದು, ರೋಗದ ಭಾಗದ್ದೊಂದು, ಸೀಳಿದ ಕಾಂಡ ಅಥವಾ ಬೇರಿನದ್ದೊಂದು. ಇಷ್ಟೂ ನಿಯಮಗಳಲ್ಲಿ ಇದೊಂದನ್ನು ನೆನಪಿನಲ್ಲಿಟ್ಟರೂ ಅರ್ಧ ಕೆಲಸವಾದಂತೆ.

೫. ತೊಗರಿಯ ನಿದರ್ಶನ

ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಆದರೆ ೨೦೨೨ರ ಹಂಗಾಮಿನಲ್ಲಿ ಇದೇ ಸೀಮೆಯ ತೊಗರಿಯು ನೆಟೆ ರೋಗದಿಂದ ಎಷ್ಟು ಹಾಳಾಯಿತೆಂಬುದನ್ನು ವಾಚಕರು ಮರೆತಿರಲಾರರು. ದೂರದಿಂದ ತೆಗೆದ ಪಟದಲ್ಲಿ ಒಣಗಿದ ತೊಗರಿ ಗಿಡಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಕಾರಣಗಳು ಮಾತ್ರ ಬೇರೆ ಬೇರೆ.

ನೆಟೆ ರೋಗವಾಗಿದ್ದರೆ ಕಾಂಡದ ಬುಡದಿಂದ ಮೇಲಕ್ಕೆ ಊದಾ ಬಣ್ಣದ ಪಟ್ಟಿಯೊಂದು ಏರಿರುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆಗಳು ಕಾಣುತ್ತವೆ. ಒಣ ಬೇರುಕೊಳೆಯಾಗಿದ್ದರೆ ಬೇರುಗಳು ಕೊಳೆತು ಸಿಪ್ಪೆಯು ಸುಲಭವಾಗಿ ಕಿತ್ತುಬರುತ್ತದೆ. ನೀರು ನಿಂತ ತಗ್ಗಿನಲ್ಲಿ ಬರುವ ಫೈಟಾಪ್ತೋರಾ ಅಂಗಮಾರಿಯಾಗಿದ್ದರೆ ಕಾಂಡದ ಮೇಲೆ ಕಂದು ಮಚ್ಚೆಗಳಾಗಿ, ಗಿಡವು ಅಲ್ಲಿಯೇ ಮುರಿಯುತ್ತದೆ. ಗೊಡ್ಡು ರೋಗದಲ್ಲಿ ಗಿಡವು ಒಣಗುವುದೇ ಇಲ್ಲ; ಎಲೆಗಳು ಚಿಕ್ಕದಾಗಿ, ತಿಳಿಹಸುರಾಗಿ, ಗಿಡವು ಪೊದೆಯಂತಾಗಿ ಹೂ ಬಿಡದೆ ನಿಲ್ಲುತ್ತದೆ. ಅದನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ.

ತಗ್ಗಿನ ನೀರನ್ನು ಹೊರಹಾಕಬೇಕೆ, ನುಸಿಗೆ ಔಷಧವನ್ನು ಸಿಂಪಡಿಸಬೇಕೆ, ಮುಂದಿನ ವರ್ಷ ಆ ಹೊಲಕ್ಕೆ ಜೋಳವನ್ನು ಬಿತ್ತಿ ಬೆಳೆಯನ್ನು ಬದಲಿಸಿ, ಅನಂತರ ರೋಗವನ್ನು ತಡೆಯುವ ತೊಗರಿ ತಳಿಯನ್ನು ತರಬೇಕೆ ಎಂಬುದೆಲ್ಲ ಆ ನಾಲ್ಕನೆಯ ಪಟದಿಂದ, ಎಂದರೆ ಸೀಳಿದ ಕಾಂಡ ಮತ್ತು ಬೇರಿನ ಪಟದಿಂದ ಗೊತ್ತಾಗಬೇಕು. ಅದಿಲ್ಲದೆ ಅಂಗಡಿಯವರು ಕೊಟ್ಟ ಔಷಧವನ್ನು ಎಲೆಯ ಮೇಲೆ ಸುರಿದರೆ, ಮಣ್ಣಿನಲ್ಲಿರುವ ನೆಟೆಯ ಶಿಲೀಂಧ್ರಕ್ಕೆ ಏನೂ ಆಗುವುದಿಲ್ಲ. ಹಣವು ಮಾತ್ರ ಹೋಗುವುದು.

೬. ಕಮಲಾಪುರದ ಕೆಂಪು ಬಾಳೆ

ಕಮಲಾಪುರದ ಕೆಂಪು ಬಾಳೆಯೂ ಭೌಗೋಳಿಕ ಸೂಚಿಯನ್ನು ಪಡೆದ ಬೆಳೆ. ಇದರ ಬೆಲೆಯೆಲ್ಲ ಬಣ್ಣ ಮತ್ತು ರುಚಿಯಲ್ಲಿದೆ. ಕಲಬುರಗಿಯ ವರ್ತಕರಿಗೆ ಗೊನೆಯ ಪಟವನ್ನು ಕಳುಹಿಸುವವರು, ಬಣ್ಣವನ್ನು ಹೆಚ್ಚಿಸುವ ಫಿಲ್ಟರುಗಳನ್ನು ಮುಚ್ಚಿ, ನೆರಳಿನಲ್ಲಿ, ಬಿಳಿಯ ಬಟ್ಟೆ ಅಥವಾ ಕಾಗದದ ಮೇಲೆ ಇಟ್ಟು ತೆಗೆಯಬೇಕು. ಬಿಳಿಯದು ಪಟದಲ್ಲಿ ಬಿಳಿಯದಾಗಿಯೇ ಕಂಡರೆ ಕೆಂಪೂ ನಿಜವಾದ ಕೆಂಪೆಂದು ತಿಳಿಯಬಹುದು. ಪಟದಲ್ಲಿ ಒಂದು ಬಣ್ಣ, ಬುಟ್ಟಿಯಲ್ಲಿ ಒಂದು ಬಣ್ಣವಾದರೆ ಎರಡನೆಯ ಸಲ ಆ ವರ್ತಕರು ಕೊಳ್ಳಲಾರರು.

ಕೆಂಪು ಬಾಳೆಗೆ ಪನಾಮ ಸೊರಗು ರೋಗವೂ ಬಂಚಿ ಟಾಪ್ ಎಂಬ ನಂಜುರೋಗವೂ ಬೇಗ ತಗಲುತ್ತವೆ. ಪನಾಮ ರೋಗದಲ್ಲಿ ಹೊರಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟು ಮುರಿದು, ದಿಂಡಿನ ಸುತ್ತಲೂ ಜೋತುಬೀಳುತ್ತವೆ; ದಿಂಡನ್ನು ಅಡ್ಡಲಾಗಿ ಕೊಯ್ದರೆ ಕೆಂಗಂದು ಬಣ್ಣದ ಗುರುತುಗಳಿರುತ್ತವೆ. ಆ ಕೊಯ್ದ ಮುಖದ ಪಟವು ಅವಶ್ಯಕ. ಬಂಚಿ ಟಾಪ್ ರೋಗದಲ್ಲಿ ಎಲೆಗಳು ಕಿರಿದಾಗಿ, ನೆಟ್ಟಗೆ, ತುದಿಯಲ್ಲಿ ಗುಂಪಾಗುತ್ತವೆ; ನರಗಳ ಉದ್ದಕ್ಕೂ ಕಡುಹಸುರಿನ ಚಿಕ್ಕ ಚಿಕ್ಕ ಗೆರೆಗಳಿರುತ್ತವೆ. ಈ ಗೆರೆಗಳು ಎಲೆಯನ್ನು ಬೆಳಕಿಗೆ ಅಡ್ಡ ಹಿಡಿದಾಗ ಚೆನ್ನಾಗಿ ಕಾಣುವುದರಿಂದ, ಇದೊಂದು ಸಂದರ್ಭದಲ್ಲಿ ಮಾತ್ರ ಸೂರ್ಯನು ಎಲೆಯ ಹಿಂದಿರುವಂತೆ ಪಟವನ್ನು ತೆಗೆಯಬೇಕು. ರೋಗದ ತೋಟದಿಂದ ಕಂದುಗಳನ್ನು ತಂದು ನೆಟ್ಟರೆ ರೋಗವನ್ನೇ ತಂದಂತಾಗುವುದು. ಆದುದರಿಂದ ಕಂದುಗಳನ್ನು ಕೊಳ್ಳುವುದಕ್ಕೆ ಮೊದಲು ತಾಯಿಗಿಡದ ಪಟಗಳನ್ನು ತರಿಸಿ ನೋಡುವುದು ಜಾಣತನ.

೭. ಸ್ಥಳಮುದ್ರೆಯನ್ನು ಪರೀಕ್ಷಿಸುವ ಬಗೆ

ಕಲಬುರಗಿ ನಗರವು ಸುಮಾರು ೧೭.೩೩ ಅಕ್ಷಾಂಶ, ೭೬.೮೩ ರೇಖಾಂಶದಲ್ಲಿಯೂ, ಕಮಲಾಪುರವು ಸುಮಾರು ೧೭.೫೮ ಅಕ್ಷಾಂಶ, ೭೬.೯೮ ರೇಖಾಂಶದಲ್ಲಿಯೂ ಇವೆ. ಕಮಲಾಪುರದ ಹೊಲದ ಪಟದ ಮೇಲೆ ೧೭.೩೩ ಎಂದು ಅಚ್ಚಾಗಿದ್ದರೆ, ಫೋನು ನಗರದ ಹಳೆಯ ಸ್ಥಳವನ್ನೇ ಹಿಡಿದುಕೊಂಡಿದೆಯೆಂದು ತಿಳಿಯಬೇಕು. ಚುಕ್ಕೆಯ ಮುಂದೆ ಎರಡೇ ಅಂಕಿಗಳಿದ್ದರೆ ಅದು ಸುಮಾರು ಒಂದು ಕಿಲೋಮೀಟರಿನ ಅಂದಾಜು ಮಾತ್ರ. ಆ ಅಂತರದಲ್ಲಿ ಮತ್ತೊಬ್ಬರ ಹೊಲವಿರಬಹುದು, ಮತ್ತೊಂದು ಊರೇ ಇರಬಹುದು. ನಾಲ್ಕು ಅಂಕಿಗಳಿದ್ದರೆ ಸುಮಾರು ೧೧ ಮೀಟರುಗಳವರೆಗೆ ಗುರುತು ಸಿಕ್ಕುತ್ತದೆ. ಆದ್ದರಿಂದ ಹೊಲವನ್ನು ಮುಟ್ಟಿದೊಡನೆ ಪಟ ತೆಗೆಯದೆ, ಮರದ ಕೆಳಗಿನಿಂದ ಬಯಲಿಗೆ ಬಂದು, ಒಂದೆರಡು ನಿಮಿಷ ತಡೆದು ತೆಗೆಯಬೇಕು. ಫೋನಿನ ತಾರೀಖು ಸಮಯಗಳು ತಾವಾಗಿ ಸರಿಹೊಂದುವಂತೆ ಇಟ್ಟಿರಬೇಕು. ಗಡಿಯಾರವು ತಪ್ಪಿದ್ದರೆ ೭೨ ತಾಸುಗಳ ಲೆಕ್ಕವೂ ತಪ್ಪುವುದು.

೮. ಕಳುಹಿಸುವುದು ಮತ್ತು ಕಾಪಾಡುವುದು

ವಾಟ್ಸಾಪಿನಲ್ಲಿ ಪಟವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗುತ್ತದೆ. ಅದರೊಳಗೆ ಅಡಗಿದ್ದ ಸ್ಥಳದ ದಾಖಲೆಯೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂಬ ದಾರಿಯಿಂದ ಕಳುಹಿಸಿದರೆ ಮೂಲ ಪಟವೇ ಮುಟ್ಟುತ್ತದೆ. ಪಟದ ಜೊತೆಗೆ ಊರು, ಸರ್ವೆ ನಂಬರು, ತಳಿ, ಬಿತ್ತಿದ ತಾರೀಖು, ಮೊದಲು ಸಿಂಪಡಿಸಿದ ಔಷಧ, ಇವನ್ನು ಬರೆದು ಕಳುಹಿಸಬೇಕು.

ಒಂದು ಪಟವು ೪ ಎಂ.ಬಿ. ಎಂದು ಹಿಡಿದರೆ ೨೫೦ ಪಟಗಳಿಗೆ ೧ ಜಿ.ಬಿ. ಸ್ಥಳ ಬೇಕಾಗುವುದು. ಆದ್ದರಿಂದ ಕೆಟ್ಟ ಪಟಗಳನ್ನು ಅಂದೇ ಅಳಿಸಿ, ಒಳ್ಳೆಯವನ್ನು ಸರ್ವೆ ನಂಬರಿನ ಪ್ರಕಾರ ಮೆಮೊರಿ ಕಾರ್ಡಿನಲ್ಲಿಟ್ಟುಕೊಳ್ಳಬೇಕು. ಬಿತ್ತನೆಯಾದಾಗ, ಹೂ ಬಿಟ್ಟಾಗ, ಕಾಯಿ ಕಟ್ಟಿದಾಗ, ಕೊಯ್ಲಿನ ಮುಂಚೆ, ಹೀಗೆ ವರ್ಷಕ್ಕೆ ನಾಲ್ಕು ಸಲ ಒಂದೇ ಜಾಗದಲ್ಲಿ ನಿಂತು ಪಟ ತೆಗೆದಿಟ್ಟರೆ, ನಷ್ಟದ ಕಾಲದಲ್ಲಿ ಮೊದಲು ಬೆಳೆಯು ಹೇಗಿತ್ತೆಂಬುದಕ್ಕೆ ಸಾಕ್ಷಿಯಿರುತ್ತದೆ.

೯. ಪಟದಿಂದ ಆಗದ ಕೆಲಸ

ಪಟವನ್ನು ನೋಡಿ ಕೀಟರೋಗಗಳನ್ನು ಹೇಳುವ ಯಂತ್ರಬುದ್ಧಿಯ ಆ್ಯಪುಗಳು ಈಗ ಬಂದಿವೆ. ಕೇಂದ್ರ ಸರ್ಕಾರವು ೨೦೨೪ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ಇದಕ್ಕಾಗಿಯೇ ಪ್ರಾರಂಭಿಸಿತು. ಇವುಗಳ ಉತ್ತರವನ್ನು ಸಲಹೆಯೆಂದು ತಿಳಿಯಬೇಕೇ ಹೊರತು ಕೊನೆಯ ತೀರ್ಪೆಂದು ತಿಳಿಯಬಾರದು. ಮಸಕಾದ ಪಟವನ್ನು ಕೊಟ್ಟರೆ ಯಂತ್ರವೂ ತಪ್ಪುವುದು. ಸಂದೇಹವುಳಿದರೆ ಗಿಡವನ್ನೇ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಹೋಗಬೇಕು. ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಎಂಬ ನಂಬರಿನಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು. ವಿಮೆಯ ನಷ್ಟವನ್ನು ೧೪೪೪೭ ಎಂಬ ನಂಬರಿಗೆ ತಿಳಿಸಬಹುದು. ಪಟವನ್ನು ತೆಗೆದಿಟ್ಟುಕೊಂಡು ದೂರನ್ನು ಕೊಡದೆ ಸುಮ್ಮನಿದ್ದರೆ ಪಟದಿಂದ ಯಾವ ಫಲವೂ ಇಲ್ಲ.

ಕಡೆಯದಾಗಿ ಊರಿನ ಹಿರಿಯರಲ್ಲಿ ಒಂದು ವಿಜ್ಞಾಪನೆ. ಅಗ್ಗದ ಫೋನನ್ನೇ ಇಟ್ಟುಕೊಂಡಿರುವ ಸಣ್ಣ ಹಿಡುವಳಿಯವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆಲಿಕಲ್ಲು ಬಿದ್ದ ದಿವಸ ಅವರ ಹೊಲದ ಪಟವನ್ನು ತೆಗೆಯುವವರು ಇಲ್ಲವಾದರೆ, ೭೨ ತಾಸುಗಳು ಅವರ ಪಾಲಿಗೆ ಸುಮ್ಮನೆ ಕಳೆದುಹೋಗುತ್ತವೆ. ಓದುಬರಹ ಬಲ್ಲ ಇಬ್ಬರು ತರುಣ ತರುಣಿಯರಿಗೆ ಈ ಕ್ರಮವನ್ನು ಕಲಿಸಿ, ಬಿತ್ತನೆಯ ಹಂಗಾಮಿಗೆ ಮುಂಚೆಯೇ ಒಂದು ಸಾಯಂಕಾಲ ಊರಿನ ಹೊಲವೊಂದರಲ್ಲಿ ಅಭ್ಯಾಸ ಮಾಡಿಸಿದರೆ, ಇಡೀ ಊರಿಗೇ ಉಪಕಾರವಾಗುವುದು. ಹೊಸ ಫೋನನ್ನು ಕೊಳ್ಳಲು ಇಡುವ ಹಣವನ್ನು ಬೀಜಕ್ಕೂ ಗೊಬ್ಬರಕ್ಕೂ ಉಪಯೋಗಿಸಿ, ಇರುವ ಫೋನಿನಲ್ಲಿಯೇ ನಾಲ್ಕು ಪಟಗಳನ್ನು ಸರಿಯಾಗಿ ತೆಗೆಯುವುದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸಲಾಗಿದೆ.